ಜಯಂತನ ಖಾತೆಗೆ ಜಮಾ ಬರೆಯುವ ಮುನ್ನ

ತಂಗಿ, ‘ಲಕ್ಷ್ಮೀ ನಿವಾಸ’ ಧಾರಾವಾಹಿಯ ಜಯಂತನ ಕುರಿತು ನೀವು ನಮ್ಮ ಧಾರಾವಾಹಿ ವೀಕ್ಷಕರ ಗುಂಪಿನಲ್ಲಿ ಸಿಂಧನೂರಿನಿಂದ ಬರೆದು ಹಾಕಿದ ಟಿಪ್ಪಣಿಯನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಅವನು ತನ್ನವರೆಂದು ಹೇಳಿಕೊಳ್ಳಲು ಯಾರೂ ಇಲ್ಲದೆ ಬೆಳೆದವನು, ಅಂಥವನ ಪ್ರೀತಿ ಉಸಿರುಗಟ್ಟಿಸುವುದು ಸಹಜ, ಆದ್ದರಿಂದ ಅವನನ್ನು ಬಿಟ್ಟು ಬಂದ ಹೆಂಡತಿ ಜಾಹ್ನವಿ ಅವನನ್ನು ಕ್ಷಮಿಸಿ ಮರಳಿ ಹೋಗಬೇಕು ಎಂಬುದು ನಿಮ್ಮ ವಾದ. ಅದರ ಕೆಳಗೆ ಅನೇಕರು ಕೈಮುಗಿದ ಚಿಹ್ನೆ ಒತ್ತಿದ್ದಾರೆ. ನಾನು ಒತ್ತಲಿಲ್ಲ. ಇದೇ ತಪ್ಪನ್ನು ಕೆಲವು ವರ್ಷಗಳ ಹಿಂದೆ ಇದೇ ಗುಂಪಿನಲ್ಲಿ, ಇದಕ್ಕಿಂತಲೂ ಉದ್ದವಾಗಿ, ನಾನು ಮಾಡಿದ್ದೇನೆ. ಹಳೆಯ ಸದಸ್ಯರಿಗೆ ಅದು ನೆನಪಿದ್ದರೆ ದಯವಿಟ್ಟು ಹುಡುಕಿ ಮೇಲೆ ತರಬೇಡಿ.

ಅದು ‘ಪುಟ್ಟಕ್ಕನ ಮಕ್ಕಳು’ ಹೊಸದಾಗಿದ್ದ ಕಾಲ. 2021ರ ಡಿಸೆಂಬರಿನಲ್ಲಿ ಆ ಧಾರಾವಾಹಿ ಆರಂಭವಾದಾಗ ನಮ್ಮ ರಾಯಚೂರಿನ ಗಂಜಿನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಹತ್ತಿಯ ಸುಗ್ಗಿ ನಡೆದಿತ್ತು. ನಾನು ಅಡತಿ ಅಂಗಡಿಯಲ್ಲಿ, ರೈತರ ಮಾಲನ್ನು ದಲ್ಲಾಳಿಯಾಗಿ ಮಾರಿಸಿಕೊಡುವಲ್ಲಿ, ಲೆಕ್ಕ ಬರೆಯುವವನು. ಆ ದಿನಗಳಲ್ಲಿ ಹತ್ತಿ ತುಂಬಿದ ಅಂಡಿಗೆ ಚೀಲಗಳ ತೂಕ ಮುಗಿದು, ರೈತರ ಪಟ್ಟಿ ಬರೆದು, ಹಮಾಲಿಯ ಲೆಕ್ಕ ಚುಕ್ತಾ ಮಾಡಿ ಮನೆ ಸೇರುವಷ್ಟರಲ್ಲಿ ಆ ದಿನದ ಸಂಚಿಕೆ ಮುಗಿದು ಬಹಳ ಹೊತ್ತಾಗಿರುತ್ತಿತ್ತು. ಹೀಗಾಗಿ ಮೊಬೈಲಿನಲ್ಲಿ ಬರುವ ಪ್ರೊಮೋಗಳನ್ನೂ ಎರಡು ನಿಮಿಷದ ತುಣುಕುಗಳನ್ನೂ ನೋಡಿ ಕಥೆ ಹಿಡಿಯುತ್ತಿದ್ದೆ. ಮೂವರು ಹೆಣ್ಣುಮಕ್ಕಳನ್ನು ಹೆತ್ತಳೆಂದು ಪುಟ್ಟಕ್ಕನನ್ನು ಬಿಟ್ಟು ರಾಜೇಶ್ವರಿಯನ್ನು ಕಟ್ಟಿಕೊಂಡ ಗೋಪಾಲ, ಆ ತುಣುಕುಗಳಲ್ಲಿ ನನಗೆ ಕಂಡದ್ದು ಎರಡನೆಯ ಹೆಂಡತಿಯ ಮುಂದೆ ಬಾಯಿ ಬಿಡಲಾರದ, ಮಕ್ಕಳನ್ನು ಕಂಡರೆ ಕರಗಿಹೋಗುವ ಒಬ್ಬ ಅಸಹಾಯಕ ಮನುಷ್ಯನಾಗಿ. ಕೂಡಲೇ ಕುಳಿತು, ಗೋಪಾಲ ಕೆಟ್ಟವನಲ್ಲ, ಕಾಲ ಕೆಟ್ಟದ್ದು ಎಂದು ದೀರ್ಘವಾದ ಒಂದು ಕ್ಷಮಾಪತ್ರ ಬರೆದೆ. ನನಗೆ ಅದು ಎಷ್ಟು ಹಿಡಿಸಿತೆಂದರೆ, ಸಂಕ್ರಾಂತಿಗೆ ಅಕ್ಕನ ಮನೆಗೆ ಹೋದಾಗ ಗಟ್ಟಿಯಾಗಿ ಓದಿ ಕೇಳಿಸಿದೆ.

ಅಕ್ಕನ ವಿಷಯವನ್ನು ಇಲ್ಲಿ ಹೇಳಲೇಬೇಕು. ಆಕೆಯ ಗಂಡನೂ ಹೀಗೆಯೇ ಬೇರೆ ಊರಿನಲ್ಲಿ ಬೇರೆ ಮನೆ ಮಾಡಿದವರು. ಅವರೂ ಹಬ್ಬಕ್ಕೊಮ್ಮೆ ಬಂದು ಮಕ್ಕಳ ತಲೆ ಸವರಿ, ಕಣ್ಣಲ್ಲಿ ನೀರು ತಂದುಕೊಂಡು, ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಅಕ್ಕ ಖಾನಾವಳಿಗಳಿಗೆ ಕಟಕ ರೊಟ್ಟಿ ಬಡಿದುಕೊಟ್ಟು ಮಕ್ಕಳನ್ನು ಓದಿಸಿದಳು. ನಾನು ಓದುತ್ತಿರುವಾಗಲೂ ಅವಳ ಕೈ ರೊಟ್ಟಿಯ ಮೇಲೆಯೇ ಇತ್ತು. ಮುಗಿದ ಮೇಲೆ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿಹಾಕಿ ಕೇಳಿದಳು: “ಅವ ಅತ್ತಿದ್ದು ಚಂದ ಬರದೀ. ಆ ಮೂರು ಹುಡಿಗ್ಯಾರ ಫೀಸು ಯಾರು ಕಟ್ಯಾರಂತ ಬರದೀಯೇನು?” ಬರೆದಿರಲಿಲ್ಲ. ಮಕ್ಕಳನ್ನು ಸಾಕಲು ಪುಟ್ಟಕ್ಕ ನಡೆಸಿದ ಮೆಸ್ಸಿನ ಒಲೆಯ ಬಗ್ಗೆ ನನ್ನ ಆ ಬರಹದಲ್ಲಿ ಒಂದು ಸಾಲೂ ಇರಲಿಲ್ಲ. ದಿನವೂ ಹತ್ತಾರು ಮಂದಿಯ ಜಮಾಖರ್ಚು ಬರೆಯುವ ನಾನು ಗೋಪಾಲನ ಖಾತೆಯಲ್ಲಿ ಜಮಾದ ಕಡೆಯನ್ನು ಮಾತ್ರ ತುಂಬಿಸಿ, ಬಾಕಿ ಸೊನ್ನೆ ಎಂದು ಗೆರೆ ಎಳೆದುಬಿಟ್ಟಿದ್ದೆ. ಮೂವತ್ತು ವರ್ಷದ ಗುಮಾಸ್ತಿಕೆಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದು ಆಗಿಲ್ಲ.

ಅಂದಿನಿಂದ ನಾನು ಅನುಸರಿಸುತ್ತಿರುವ ಪದ್ಧತಿಯನ್ನು ನಿಮಗೆ ಹೇಳುತ್ತೇನೆ. ಒಂದು ಪಾತ್ರಕ್ಕೆ ಒಂದು ಪುಟ. ಪುಟದಲ್ಲಿ ಮೂರು ಕಾಲಂ: ಆಡಿದ್ದು, ಮಾಡಿದ್ದು, ತೆತ್ತವರು. ಸಂಚಿಕೆ ನೋಡುವಾಗ ಮೊದಲನೆಯ ಕಾಲಂ ತಾನಾಗಿಯೇ ತುಂಬುತ್ತದೆ, ಏಕೆಂದರೆ ನಮ್ಮ ಧಾರಾವಾಹಿಗಳಲ್ಲಿ ಮಾತಿಗೆ ಬರವಿಲ್ಲ. ಎರಡನೆಯದಕ್ಕೆ ಸ್ವಲ್ಪ ಎಚ್ಚರ ಬೇಕು. ಪಾತ್ರ ಏನು ಮಾಡಿತು ಎಂಬುದನ್ನು ಬರೆಯಬೇಕೇ ಹೊರತು, ಏಕೆ ಮಾಡಿತು ಎಂದು ಅದು ವಿವರಿಸಿದ್ದನ್ನಲ್ಲ, ಏಕೆಂದರೆ ಆ ವಿವರಣೆ ಮತ್ತೆ ‘ಆಡಿದ್ದು’ ಕಾಲಮ್ಮಿಗೇ ಸೇರುತ್ತದೆ. ಮೂರನೆಯದು ಕಠಿಣ. ಆ ಕೃತ್ಯದ ಬೆಲೆಯನ್ನು ಯಾರು ತೆತ್ತರು, ಹಣವಾಗಿಯೋ ನಿದ್ದೆಯಾಗಿಯೋ ಮಾನವಾಗಿಯೋ, ಎಂಬುದನ್ನು ಕ್ಯಾಮೆರಾ ಬಹಳ ಸಲ ತೋರಿಸುವುದೇ ಇಲ್ಲ. ಅತ್ತವರ ಮುಖದ ಮೇಲೆ ಅದು ನಿಲ್ಲುತ್ತದೆ, ತೆತ್ತವರು ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಮಸುಕಾಗಿ ನಿಂತಿರುತ್ತಾರೆ.

ಈಗ ಇದನ್ನು ನಿಮ್ಮ ಜಯಂತನಿಗೆ ಹಚ್ಚಿ ನೋಡಿ. ‘ಆಡಿದ್ದು’ ಕಾಲಮ್ಮಿನಲ್ಲಿ ಹೆಂಡತಿಯನ್ನು ಅವನು ಮುದ್ದಿನಿಂದ ಕರೆಯುವ ‘ಚಿನ್ನುಮರಿ’ ಎಂಬ ಕರೆಯೊಂದೇ ಪುಟಗಟ್ಟಲೆ ಬರುತ್ತದೆ. ‘ಮಾಡಿದ್ದು’ ಕಾಲಮ್ಮಿನಲ್ಲಿ, ಹೆಂಡತಿಗೆ ತಿಳಿಯದಂತೆ ಮನೆಯೊಳಗೆ ಕ್ಯಾಮೆರಾ ಇಟ್ಟು ಅವಳ ಚಲನವಲನವನ್ನೆಲ್ಲ ಕುಳಿತು ನೋಡಿದ್ದು, ಅವಳು ಬೇರೆಯವರೊಡನೆ ನಕ್ಕರೆ ಸಹಿಸದೆ ಹೋದದ್ದು, ಅವಳ ಲೋಕವನ್ನು ತನ್ನೊಬ್ಬನ ಮಟ್ಟಕ್ಕೆ ಕುಗ್ಗಿಸಿದ್ದು. ‘ತೆತ್ತವರು’ ಕಾಲಮ್ಮಿನಲ್ಲಿ ಜಾಹ್ನವಿಯ ಹೆಸರೊಂದೇ ಇರಬೇಕು ಎಂದು ನೀವು ಭಾವಿಸಬಹುದು. ಅವಳು ಸಮುದ್ರಕ್ಕೆ ಬಿದ್ದು ಸತ್ತಳೆಂದು ತಿಳಿದು ಕೊರಗಿದ ತಾಯಿತಂದೆ ಲಕ್ಷ್ಮಿ, ಶ್ರೀನಿವಾಸ ಇಬ್ಬರನ್ನೂ ಬರೆಯಿರಿ. ಅವನ ಬಾಲ್ಯವನ್ನು ಎಲ್ಲಿ ಬರೆಯಬೇಕು ಎಂದು ನೀವು ಕೇಳುವಿರಿ. ನಾನು ಅದನ್ನು ಪುಟದ ಮೇಲ್ಭಾಗದಲ್ಲಿ, ಊರು ಹೆಸರು ಬರೆಯುವ ಜಾಗದಲ್ಲಿ ಬರೆಯುತ್ತೇನೆ. ಅದು ಆರಂಭದ ಶಿಲ್ಕು, ಅಂದರೆ ಹಿಂದಿನಿಂದ ಉಳಿದು ಬಂದ ಮೊತ್ತ. ಹಿಂದಿನ ವರ್ಷ ಬೆಳೆ ಹೋದ ರೈತನ ಖಾತೆಯನ್ನು ಓದುವಾಗ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತೇವೆ, ವಾಯಿದೆ ಮುಂದೂಡುತ್ತೇವೆ, ಆದರೆ ಈ ವರ್ಷ ಅವನು ಒಯ್ದ ಬೀಜ ಗೊಬ್ಬರದ ಬಾಬತ್ತನ್ನು ಒರೆಸಿಹಾಕುವುದಿಲ್ಲ. ಇನ್ನೊಂದು ಮಾತು. ಸಮುದ್ರಕ್ಕೆ ಬಿದ್ದ ಜಾಹ್ನವಿ ಬದುಕಿ ಉಳಿದದ್ದನ್ನು ಹಿಡಿದು ‘ಕೊನೆಗೆ ಅವಳಿಗೇನೂ ಆಗಲಿಲ್ಲವಲ್ಲ’ ಎಂದು ಒಬ್ಬರು ನಿಮ್ಮ ಬರಹದ ಕೆಳಗೆ ಬರೆದಿದ್ದಾರೆ. ಅವಳನ್ನು ಬದುಕಿಸಿದ್ದು ಕಥೆ ಬರೆಯುವವರು. ಅದನ್ನು ಜಯಂತನ ಹೆಸರಿಗೆ ಜಮಾ ಹಿಡಿಯುವುದು ಯಾವ ಲೆಕ್ಕ?

ಆದರೆ ಈ ಪದ್ಧತಿಗೂ ಮಿತಿಗಳಿವೆ. ದಿನನಿತ್ಯದ ಧಾರಾವಾಹಿಯ ಪಾತ್ರ ಒಬ್ಬರ ಕೈಯಿಂದ ಬರುವುದಿಲ್ಲ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಸಂಭಾಷಣೆ ಮತ್ತೊಬ್ಬರದು. ಇದರ ಜೊತೆಗೆ, ಎಷ್ಟು ಜನ ನೋಡಿದರೆಂದು ಹೇಳುವ, ಪ್ರತಿ ಗುರುವಾರ ಬರುವ ಟಿ.ಆರ್.ಪಿ. ಅಂಕಿಗಳಿವೆ. ಅಂಕಿ ಇಳಿದರೆ, ನಿನ್ನೆಯವರೆಗೆ ಜಾಣೆಯಾಗಿದ್ದವಳು ಇಂದು ಎದುರಿಗೇ ಬಿದ್ದಿರುವ ಪತ್ರವನ್ನು ಓದದೆ ಹೋಗುತ್ತಾಳೆ. ಏರಿದರೆ, ಮುಗಿಯಬೇಕಾದ ಅಪಾರ್ಥ ಇನ್ನಷ್ಟು ವಾರ ಎಳೆಯುತ್ತದೆ. ಅಂಥದ್ದನ್ನು ಪಾತ್ರದ ದೋಷವೆಂದು ಬರೆದರೆ ಅನ್ಯಾಯವಾಗುತ್ತದೆ. ನಾನು ಅವನ್ನೆಲ್ಲ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ಬರಹಗಾರರ ಬಾಕಿ’ ಎಂದು ಗುರುತು ಹಾಕುತ್ತೇನೆ. ನಟರು ಬದಲಾದಾಗಲೂ ಹೀಗೆಯೇ ಪೆನ್ಸಿಲ್ಲಿನ ಒಂದು ಗೆರೆ ಎಳೆಯಿರಿ, ಏಕೆಂದರೆ ಹೊಸ ಮುಖ ಬಂದ ಮೇಲೆ ಅದೇ ಮಾತು ಬೇರೆ ತೂಕದಲ್ಲಿ ಕೇಳಿಸುತ್ತದೆ. ಒಬ್ಬ ಸದಸ್ಯರು ನನ್ನ ಮೂರು ಕಾಲಮ್ಮಿನ ಪದ್ಧತಿಯನ್ನು ಒಂದು ವಾರ ಪ್ರಯತ್ನಿಸಿ, ಎಲ್ಲರೂ ಕೆಟ್ಟವರೇ ಎಂಬ ತೀರ್ಮಾನಕ್ಕೆ ಬಂದು ಕೈಬಿಟ್ಟರು. ಒಂದು ವಾರದ ಕಿರ್ದಿ, ಅಂದರೆ ದಿನವಹಿ ಲೆಕ್ಕದ ಪುಸ್ತಕ, ನೋಡಿ ವರ್ಷದ ಲಾಭನಷ್ಟ ಹೇಳಲು ಬರುವುದಿಲ್ಲ; ಕನಿಷ್ಠ ಎರಡು ತಿಂಗಳ ಸಂಚಿಕೆಗಳಾದರೂ ಬೇಕು.

ಒಳ್ಳೆಯವರ ಪುಟಗಳನ್ನು ಬರೆಯದೆ ಬಿಡುವುದು ಈ ಗುಂಪಿನ ಇನ್ನೊಂದು ಕೆಟ್ಟ ರೂಢಿ. ‘ಅಮೃತಧಾರೆ’ ಧಾರಾವಾಹಿಯ ನಾಯಕ ಗೌತಮನನ್ನು ಇಲ್ಲಿ ಎಲ್ಲರೂ ದೇವರ ಪಟದ ಪಕ್ಕದಲ್ಲಿ ಇಟ್ಟಿದ್ದೀರಿ. ರಾಜೇಶ್ ನಟರಂಗ ಅವರ ಅಭಿನಯದ ಬಗ್ಗೆ ನನಗೂ ಬಹಳ ಗೌರವವಿದೆ. ಅವರು ಸುಮ್ಮನೆ ಕುಳಿತಾಗಲೂ ಆ ಮನುಷ್ಯನ ಒಂಟಿತನ ಕಾಣುತ್ತದೆ. ಆದರೆ ಮಲತಾಯಿ ಶಕುಂತಲಾ ಹೇಳಿದ್ದನ್ನೆಲ್ಲ ಪರೀಕ್ಷಿಸದೆ ನಂಬುವುದು ಗೌತಮನ ದೋಷ. ಆ ನಂಬಿಕೆಯ ಬೆಲೆಯನ್ನು ತೆತ್ತವಳು ಅವನ ಹೆಂಡತಿ ಭೂಮಿಕಾ. ಅವನ ಒಳ್ಳೆಯತನ ಮತ್ತು ಅವನ ತಪ್ಪು ಎರಡೂ ಒಂದೇ ಬೇರಿನಿಂದ ಬಂದಿವೆ ಎಂಬ ಕಾರಣಕ್ಕೇ ಆ ಪಾತ್ರ ನನಗೆ ಜಯಂತನಿಗಿಂತ ಹೆಚ್ಚು ಕುತೂಹಲ ಹುಟ್ಟಿಸುತ್ತದೆ. ಶಕುಂತಲೆಯ ಪುಟವನ್ನು ತುಂಬುವುದು ಸುಲಭ, ಗೌತಮನದನ್ನು ತುಂಬುವಾಗ ಪ್ರತಿ ಸಾಲಿಗೂ ಪೆನ್ನು ತಡೆಯುತ್ತದೆ.

‘ಭಾಗ್ಯಲಕ್ಷ್ಮಿ’ ಧಾರಾವಾಹಿಯಲ್ಲಿ ಭಾಗ್ಯಳ ಗಂಡನಾದ ತಾಂಡವನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನ ಪುಟದಲ್ಲಿ ಆಡಿದ್ದೂ ಮಾಡಿದ್ದೂ ಒಂದೇ ಆಗಿರುವುದರಿಂದ ಮೋಸಹೋಗುವ ಭಯವಿಲ್ಲ. ನೋಡಬೇಕಾದದ್ದು ಅವನ ತಾಯಿ ಕುಸುಮಾಳನ್ನು. ಹೆತ್ತ ಮಗನನ್ನು ಎದುರು ಹಾಕಿಕೊಂಡು ಸೊಸೆಯ ಪರವಾಗಿ ನಿಂತ ಅತ್ತೆ ಎಂದು ನಮ್ಮ ಓಣಿಯ ಹೆಂಗಸರೆಲ್ಲ ಅವಳನ್ನು ಕೊಂಡಾಡುತ್ತಾರೆ, ಅದು ಸರಿ. ಆದರೂ ಮನೆಯಲ್ಲಿ ಪ್ರತಿಯೊಬ್ಬರ ಬದುಕಿನ ತೀರ್ಮಾನವನ್ನು ತಾನೇ ತೆಗೆದುಕೊಳ್ಳುವ ಅವಳ ಸ್ವಭಾವವನ್ನು ಯಾರೂ ಬರೆದಿಡುವುದಿಲ್ಲ. ಮಗಳು ತನ್ವಿಯ ವಯಸ್ಸಿನ ಮಕ್ಕಳ ನಡುವೆ ಕುಳಿತು ಹತ್ತನೆಯ ತರಗತಿ ಓದಿದ ಭಾಗ್ಯ, ತನ್ನ ತೀರ್ಮಾನ ತಾನೇ ತೆಗೆದುಕೊಂಡ ಸಂಚಿಕೆಗಳನ್ನು ಬೇರೆಯಾಗಿ ಗುರುತು ಹಾಕಿ ನೋಡಿ, ಆ ಪಾತ್ರ ಬೆಳೆದದ್ದು ಎಲ್ಲಿ ಎಂಬುದು ತಿಳಿಯುತ್ತದೆ.

ನಮ್ಮ ಕಡೆಯ ವೀಕ್ಷಕರಿಗೆ ಒಂದು ವಿಶೇಷ ಎಚ್ಚರಿಕೆ. ರಾಯಚೂರು, ಬಳ್ಳಾರಿಯವರಾದ ನಾವು ತೆಲುಗು ವಾಹಿನಿಗಳನ್ನೂ ಅಷ್ಟೇ ನೋಡುತ್ತೇವೆ. ‘ಪುಟ್ಟಕ್ಕನ ಮಕ್ಕಳು’ ತೆಲುಗಿನ ‘ರಾಧಮ್ಮ ಕೂತುರು’ವಿನಿಂದ ಬಂದದ್ದು, ಅದನ್ನು ಮೊದಲೇ ನೋಡಿದ್ದ ನಮ್ಮ ಗುಂಪಿನ ಕೆಲವರು ಅಲ್ಲಿಯ ಗಂಡನ ತಪ್ಪುಗಳನ್ನೂ ತಂದು ಗೋಪಾಲನ ತಲೆಗೆ ಕಟ್ಟುತ್ತಿದ್ದರು. ಒಂದು ಅಂಗಡಿಯ ಬಾಕಿಯನ್ನು ಇನ್ನೊಂದು ಅಂಗಡಿಯ ಪುಸ್ತಕದಲ್ಲಿ ಬರೆಯಬೇಡಿ.

ಪ್ರೊಮೋ ನೋಡಿ ಬರೆಯುವುದನ್ನು ಮಾತ್ರ ನೀವು ಇವತ್ತೇ ನಿಲ್ಲಿಸಬೇಕು, ಇದನ್ನು ಸ್ವಲ್ಪ ಗದರಿಸಿಯೇ ಹೇಳುತ್ತಿದ್ದೇನೆ. ನಿಮ್ಮ ಟಿಪ್ಪಣಿಯಲ್ಲಿ ನೀವು ಎತ್ತಿಕೊಂಡಿರುವ ಮೂರು ಸನ್ನಿವೇಶಗಳೂ ಪ್ರೊಮೋದಲ್ಲಿ ಇದ್ದವೇ. ಪ್ರೊಮೋ ಎಂದರೆ ಅಂಡಿಗೆಯ ಮೇಲ್ಭಾಗದಿಂದ ಹಿರಿದು ತೋರಿಸುವ ಹತ್ತಿ. ಕೈಯನ್ನು ಒಳಗೆ ಹಾಕಿ ತೆಗೆದಾಗಲೇ ಕಸ, ಕಾಯಿ, ತೇವ ಗೊತ್ತಾಗುವುದು. ಪರೀಕ್ಷೆಯ ಓದಿನ ನಡುವೆ ಸಮಯವಿಲ್ಲ ಎಂದರೆ ಝೀ5 ಅಥವಾ ಜಿಯೋಹಾಟ್‌ಸ್ಟಾರ್‌ನಲ್ಲಿ ಭಾನುವಾರ ಕುಳಿತು ವಾರದ್ದನ್ನೆಲ್ಲ ಒಟ್ಟಿಗೆ ನೋಡಿ. ವೇಗ ಹೆಚ್ಚಿಸಿ ನೋಡಬೇಡಿ. ಒಂದೇ ಉದ್ಗಾರವನ್ನು ಮೂರು ಕೋನದಿಂದ ತೋರಿಸುವಾಗ ನನಗೂ ಬೇಸರವಾಗುತ್ತದೆ, ಆದರೆ ವೇಗದಲ್ಲಿ ಮೊದಲು ಕಳೆದುಹೋಗುವುದು ಮೌನ, ಮತ್ತು ತೆತ್ತವರು ಸಾಮಾನ್ಯವಾಗಿ ಮೌನದಲ್ಲಿಯೇ ಇರುತ್ತಾರೆ. ಸಾಧ್ಯವಾದರೆ ಮನೆಯ ಹಿರಿಯ ಹೆಂಗಸೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೂರನೆಯ ಕಾಲಂ ಅವರಿಗೆ ಬಾಯಿಪಾಠವಾಗಿರುತ್ತದೆ.

ಪುಸ್ತಕದ ವಿಚಾರದಲ್ಲಿ, ಕ್ಲಾಸ್‌ಮೇಟ್‌ನ ಗೆರೆಯ ಲಾಂಗ್ ಬುಕ್ ಸಾಕು. ಮೊಬೈಲಿನ ಟಿಪ್ಪಣಿ ಆ್ಯಪ್‌ಗಳನ್ನು ನಾನು ನಂಬುವುದಿಲ್ಲ. ಅಲ್ಲಿ ಹಳೆಯದನ್ನು ಅಳಿಸುವುದು ಬಹಳ ಸುಲಭ, ಮತ್ತು ಪಾತ್ರ ಇಷ್ಟವಾಗತೊಡಗಿದಂತೆ ಹಳೆಯ ಬಾಕಿಗಳನ್ನು ಅಳಿಸುವ ಮನಸ್ಸಾಗುತ್ತದೆ. ನನ್ನ ಅನುಭವದಿಂದಲೇ ಹೇಳುತ್ತಿದ್ದೇನೆ. ಸಾಮಾನ್ಯ ಬಾಲ್ ಪೆನ್ನು ಬಳಸಿ, ಜೆಲ್ ಪೆನ್ನು ನಮ್ಮ ಬೇಸಿಗೆಯ ಬೆವರಿಗೆ ಹರಡುತ್ತದೆ.

ಆರೋಪಕ್ಕೂ ಸಮರ್ಥನೆಗೂ ಒಂದೇ ಕಡೆ ಜಾಗ ಕೊಡುವುದನ್ನು ಕಲಿಯಬೇಕೆಂದರೆ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳನ್ನು ನೋಡಿ. ತಪ್ಪು ಮಾಡಿದವನೂ ಕಟಕಟೆಯಲ್ಲಿ ನಿಂತು ತನ್ನ ಕಾರಣ ಹೇಳುತ್ತಾನೆ, ಪಾಟೀಸವಾಲೂ ಅಲ್ಲಿಯೇ ಆಗುತ್ತದೆ. ವೀಕ್ಷಕರಿಗೆ ಕರಗಲು ಎಷ್ಟು ಅವಕಾಶವಿದೆಯೋ ಲೆಕ್ಕ ಕೇಳಲೂ ಅಷ್ಟೇ ಇರುತ್ತದೆ. ನಮ್ಮ ದೊಡ್ಡಾಟದಲ್ಲಿಯೂ ಇದಿತ್ತು. ದುರ್ಯೋಧನ ರಂಗಕ್ಕೆ ಬಂದು ತನ್ನ ಹಿರಿಮೆಯನ್ನು ತಾನೇ ಸಾರುತ್ತಿದ್ದರೆ ಸಾರಥಿ ಪಕ್ಕದಲ್ಲಿ ನಿಂತು ಅದು ಯಾಕೆ, ಇದು ಹೇಗೆ ಎಂದು ಕೇಳುತ್ತಲೇ ಇರುತ್ತಿದ್ದ. ಈಗಿನ ಧಾರಾವಾಹಿಗಳಲ್ಲಿ ಆ ಸಾರಥಿ ಇಲ್ಲ. ಹಿನ್ನೆಲೆ ಸಂಗೀತ ಮಾತ್ರ ಇದೆ, ಅದು ಪ್ರಶ್ನೆ ಕೇಳುವುದಿಲ್ಲ, ಎಲ್ಲಿ ಅಳಬೇಕೆಂದು ಹೇಳುತ್ತದೆ. ನಿಮ್ಮ ಟಿಪ್ಪಣಿ ಆ ಸಂಗೀತ ಹೇಳಿದಲ್ಲಿ ಅತ್ತಿದೆ.

ಕೊನೆಯದು ನಿಮಗಲ್ಲ, ನಿಮ್ಮ ಬರಹದ ಕೆಳಗೆ ಜಯಂತನ ಪಾತ್ರ ಮಾಡುತ್ತಿರುವ ಕಲಾವಿದರನ್ನೇ ಹೀನಾಯವಾಗಿ ಬೈದ ಇಬ್ಬರಿಗೆ. ಪಾತ್ರದ ಪುಟದಲ್ಲಿ ನಟರ ಹೆಸರಿಗೆ ಬಾಕಿ ಬರೆಯುವ ಪದ್ಧತಿ ಎಲ್ಲಿಯೂ ಇಲ್ಲ. ಅವರು ನಿಮಗೆ ಅಷ್ಟು ಸಿಟ್ಟು ಬರಿಸಿದ್ದಾರೆಂದರೆ ಕೂಲಿಗೆ ತಕ್ಕ ಕೆಲಸ ಮಾಡಿದ್ದಾರೆ. ಆ ಎರಡು ಮಾತುಗಳನ್ನು ನೀವೇ ಅಳಿಸಿದರೆ ಒಳ್ಳೆಯದು.

ತಂಗಿ, ನಿಮ್ಮ ಬರಹವನ್ನು ಪೂರ್ತಿ ತೆಗೆದುಹಾಕಬೇಡಿ, ಭಾಷೆ ಚೆನ್ನಾಗಿದೆ. ಎರಡನೆಯ ಪ್ಯಾರಾದಲ್ಲಿ ಅವನು ‘ಚಿನ್ನುಮರಿ’ ಎಂದು ಕರೆಯುವಾಗ ದನಿ ನಡುಗುವುದನ್ನು ನೀವು ಗುರುತಿಸಿದ್ದೀರಿ, ನನಗೆ ಅದು ಹೊಳೆದಿರಲಿಲ್ಲ. ಆ ಸಾಲು ಹಾಗೆಯೇ ಇರಲಿ, ಆದರೆ ಮೊದಲನೆಯ ಕಾಲಮ್ಮಿನಲ್ಲಿ ಇರಲಿ. ಮುಂದಿನ ಭಾನುವಾರದೊಳಗೆ ಉಳಿದ ಎರಡನ್ನೂ ತುಂಬಿ ಪುಟದ ಫೋಟೊ ಇಲ್ಲಿ ಹಾಕಿ. ನಾನು ನನ್ನ ಗೌತಮನ ಪುಟವನ್ನು ಅದರ ಪಕ್ಕದಲ್ಲಿ ಹಾಕುತ್ತೇನೆ, ಅಕ್ಷರ ಮಾತ್ರ ಗುಮಾಸ್ತರ ಮೋಡಿ, ಅಂದರೆ ಕೂಡಿಸಿ ಬರೆಯುವ ಬರವಣಿಗೆ, ಓದಲು ಸ್ವಲ್ಪ ತಾಳ್ಮೆ ಬೇಕಾಗುತ್ತದೆ.