ದಾವಣಗೆರೆಯಿಂದ ಗೆಳೆಯರ ಜೊತೆ ಚಿತ್ರದುರ್ಗದ ಕಡೆ ಮೊದಲ ಸಲ ಮೌಂಟೇನ್ ಬೈಕಿಂಗ್. ರೆಸಾರ್ಟ್ ಬುಕ್ ಮಾಡುವ ಮುಂಚೆ ಏನು ನೋಡಬೇಕು?

ರೂಮು, ಊಟ ಆಮೇಲೆ. ಮೊದಲು ರೆಸಾರ್ಟಿಗೆ ಫೋನ್ ಮಾಡಿ ಸೈಕಲ್ ಬಗ್ಗೆ ಕೇಳಿ. ಡಿಸ್ಕ್ ಬ್ರೇಕ್ ಇದೆಯಾ, ಮುಂದೆ ಸಸ್ಪೆನ್ಷನ್ ಇದೆಯಾ, ಎಲ್ಲರ ಎತ್ತರಕ್ಕೂ ಫ್ರೇಮ್ ಸಿಗುತ್ತಾ, ಹೆಲ್ಮೆಟ್ ಕೊಡ್ತಾರಾ? ಸರಿಯಾದ ಉತ್ತರ ಬರದಿದ್ದರೆ ನಿಮ್ಮ ಸೈಕಲ್ಲನ್ನೇ ಒಯ್ಯಿರಿ. ದುರ್ಗ ಸುಮಾರು 60 ಕಿ.ಮೀ. ಅಷ್ಟೇ ಅಲ್ವಾ?

ದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟಕ್ಕೆ ಹೋಗೋಣ ಅಂತ ಯಾರಾದರೂ ಹೇಳೇ ಹೇಳ್ತಾರೆ. ಅದು ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಸೈಕಲ್ ಇಳಿಸಬೇಡಿ.

ನಮ್ಮ ಸೀಮೆಯಲ್ಲಿ ಜಾಸ್ತಿ ಕಾಡುವುದು ಜಾಲಿ ಮುಳ್ಳು. ತಲಾ ಒಂದು ಸ್ಪೇರ್ ಟ್ಯೂಬ್ ಇರಲಿ, ಗುಂಪಿಗೊಂದು ಪಂಪು, ಪ್ಯಾಚ್, ಟೈರ್ ಬಿಚ್ಚುವ ಲಿವರ್ ಇರಲಿ. ಪಂಕ್ಚರ್ ಆದರೆ ಸುಮ್ನೆ ಟ್ಯೂಬ್ ಬದಲಿಸಬೇಡಿ. ಟೈರಿನ ಒಳಗೆ ಸುತ್ತಲೂ ಬಟ್ಟೆ ಆಡಿಸಿ. ಮುರಿದ ಮುಳ್ಳಿನ ತುದಿ ಅಲ್ಲೇ ಕೂತಿದ್ದರೆ ಬಟ್ಟೆಗೆ ಸಿಕ್ಕುತ್ತೆ. ಅದನ್ನು ಕೀಳದೆ ಹೊಸ ಟ್ಯೂಬ್ ಹಾಕಿದರೆ ಅದಕ್ಕೂ ಅದೇ ಗತಿ.

ಇಳಿಜಾರಿನಲ್ಲಿ ಸೀಟು ತಗ್ಗಿಸಿ. ಎದ್ದು ನಿಂತು ಎರಡೂ ಪೆಡಲ್ ಸಮ ಇಟ್ಟುಕೊಳ್ಳಿ, ಸೊಂಟ ಸ್ವಲ್ಪ ಹಿಂದಕ್ಕೆ. ಮುಂದಿನ ಬ್ರೇಕ್ ಗಬಕ್ಕನೆ ಹಿಡಿದರೆ ಹ್ಯಾಂಡಲ್ ದಾಟಿ ಬೀಳ್ತೀರಿ. ಎರಡನ್ನೂ ಮೆಲ್ಲಗೆ ಒತ್ತಿ. ಗರಸಿನ ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನ ಮಧ್ಯೆ ಅಲ್ಲ. ಊರಿನ ಹತ್ತಿರ ಯಾವುದಾದರೂ ಮಣ್ಣಿನ ದಾರಿಯಲ್ಲಿ ಇದನ್ನು ಮೊದಲೇ ರೂಢಿ ಮಾಡಿಕೊಂಡು ಹೋದರೆ ಒಳ್ಳೇದು.

ನವೆಂಬರ್‌ನಿಂದ ಜನವರಿ ಒಳ್ಳೆ ಕಾಲ. ಬೆಳಕು ಹರಿಯುತ್ತಲೇ ಹೊರಡಿ, ತಲಾ 2 ಲೀಟರ್ ನೀರು ಇಟ್ಟುಕೊಳ್ಳಿ. ಗುಂಪಿನಲ್ಲಿ ಅನುಭವ ಇರುವವರು ಕೊನೆಯಲ್ಲಿ ಬರಲಿ.