ನಲ್ಲಿಯಲ್ಲಿ ಕೆಂಪು ನೀರು, ಬಾವಿಯಲ್ಲಿ ಉಪ್ಪು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮ ಕೇರಿಯ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು ತುಂಬ ಹಳತು. ನೀರು ದಿನ ಬಿಟ್ಟು ದಿನ. ಬಂದ ಕೂಡಲೇ ಕೆಂಪು, ಮಳೆಗಾಲದಲ್ಲಿ ಗಟಾರದ ವಾಸನೆ. ಯಾವ ಫಿಲ್ಟರ್ ಒಳ್ಳೆಯದು?
– ಓದುಗರು, ಕಾರವಾರ

ಉತ್ತರ: ಫಿಲ್ಟರ್ ವಿಚಾರ ಆಮೇಲೆ. ಕೆಂಪಿಗೂ ವಾಸನೆಗೂ ಕಾರಣ ಬೇರೆ ಬೇರೆ. ಪೈಪಿನ ಒಳಗಿನ ಸತುವಿನ ಲೇಪ ಸವೆದ ಮೇಲೆ ನಿಂತ ನೀರು ಕಬ್ಬಿಣವನ್ನು ತಿನ್ನುತ್ತದೆ. ನೀರು ಬಿಟ್ಟಾಗ ಆ ತುಕ್ಕು ಕಿತ್ತು ಬರುತ್ತದೆ. ಮೊದಲ ನೀರನ್ನು ಗಿಡಕ್ಕೆ ಬಿಡಿ.

ಅಪಾಯ ಇರುವುದು ವಾಸನೆಯಲ್ಲಿ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇಳಿದು, ಜಾಯಿಂಟ್ ಸೋರುವಲ್ಲಿಂದ ಹೊರಗಿನ ಕೊಳೆ ಒಳಗೆ ಹೋಗುತ್ತದೆ. ಯಾರಾದರೂ ನಲ್ಲಿಗೆ ನೇರ ಮೋಟರ್ ಹಚ್ಚಿದರಂತೂ ಪೈಪು ಗಟಾರವನ್ನೇ ಹೀರುತ್ತದೆ. ಇದನ್ನು ಕೇರಿಯವರೆಲ್ಲ ಕೂಡಿ ನಿಲ್ಲಿಸಲೇಬೇಕು. ಮೋಟರ್ ಬೇಕಾದವರು ಸಂಪಿನಲ್ಲಿ ನೀರು ತುಂಬಿಸಿಕೊಂಡು ಅಲ್ಲಿಂದ ಎತ್ತಲಿ.

ರೋಗಾಣು ಕೊಲ್ಲಲು ನೀರಿಗೆ ಹಾಕಿದ ಕ್ಲೋರಿನ್ ಎಷ್ಟು ಉಳಿದಿದೆ ಎಂದು ನೋಡುವ ಕಿಟ್ ತಂದು, ಊರಿಗೆ ನೀರು ಬಿಡುವ ಟ್ಯಾಂಕಿನ ಹತ್ತಿರದ ನಲ್ಲಿ, ನಿಮ್ಮ ನಲ್ಲಿ ಎರಡನ್ನೂ ಪರೀಕ್ಷಿಸಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ತುಕ್ಕೂ ಸ್ವಲ್ಪ ಕ್ಲೋರಿನ್ ತಿನ್ನುತ್ತದೆ ನಿಜ. ಆದರೆ ಅಲ್ಲಿ ಇದ್ದದ್ದು ಇಲ್ಲಿ ಸೊನ್ನೆಯಾಗಿ, ವಾಸನೆಯೂ ಇದ್ದರೆ ನಡುವೆ ಕೊಳೆ ಸೇರಿದೆ ಎಂದೇ ತಿಳಿಯಿರಿ. ಮೊದಲು ಹುಡುಕಬೇಕಾದ್ದು ಪೈಪು ಗಟಾರ ದಾಟುವ ಜಾಗ. ಸವೆದ ಪೈಪಿಗೆ ಕ್ಲ್ಯಾಂಪ್ ಹಾಕಿದರೆ ನಾಳೆ ಪಕ್ಕದಲ್ಲೇ ಸೋರುತ್ತದೆ. ಆ ತುಂಡನ್ನೇ ತೆಗೆದು ಎಚ್‌ಡಿಪಿಇ (ತುಕ್ಕು ಹಿಡಿಯದ ಗಟ್ಟಿ ಪ್ಲಾಸ್ಟಿಕ್) ಪೈಪು ಹಾಕಿ, ಗಟಾರದ ಮೇಲಿಂದ ಒಯ್ಯಲು ನಗರಸಭೆಗೆ ಎಲ್ಲರೂ ಸೇರಿ ಅರ್ಜಿ ಕೊಡಿ. ಒಳಚರಂಡಿ ಪೈಪಿದ್ದರೆ ಅದಕ್ಕಿಂತ ಅರ್ಧ ಮೀಟರ್ ಮೇಲೆ. ಪಕ್ಕದಲ್ಲಿ ಹೋಗುವುದಾದರೆ 3 ಮೀಟರ್ ದೂರ.

ಅಲ್ಲಿಯವರೆಗೆ ಸೋಸಿ, ಮಳಮಳ ಕುದಿಸಿ ಕುಡಿಯಿರಿ. ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಫಿಲ್ಟರನ್ನು ಈ ನೀರಿಗೆ ನಂಬಬೇಡಿ: ತುಕ್ಕು ದೀಪದ ಗಾಜಿಗೆ ಕಟ್ಟಿ ಬೆಳಕನ್ನೇ ತಡೆಯುತ್ತದೆ.

ಪ್ರಶ್ನೆ: ಏಪ್ರಿಲ್ ಬಂತೆಂದರೆ ಬಾವಿ ನೀರು ಉಪ್ಪು. ಇನ್ನೂ ಆಳ ಮಾಡಿಸೋಣವೇ?
– ಓದುಗರು, ಅಘನಾಶಿನಿ ದಡ, ಕುಮಟಾ ತಾಲೂಕು

ಉತ್ತರ: ದಯವಿಟ್ಟು ಬೇಡ. ಕಡಲಂಚಿನ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಿಹಿನೀರಿನ ಮಟ್ಟ 1 ಅಡಿ ಇಳಿದರೆ ಕೆಳಗಿನ ಉಪ್ಪುನೀರು ಲೆಕ್ಕದ ಪ್ರಕಾರ ಸುಮಾರು 40 ಅಡಿ ಏರಬಹುದು. ಆಳ ಮಾಡಿದಷ್ಟೂ ಉಪ್ಪು ಹತ್ತಿರ. ಫುಟ್‌ವಾಲ್ವ್ (ಪಂಪು ನೀರು ಹೀರುವ ಪೈಪಿನ ಕೆಳತುದಿಯ ವಾಲ್ವ್) ಮೇಲೆತ್ತಿ, ಸಣ್ಣ ಪಂಪಿನಲ್ಲಿ, ಬಾವಿ ಊರಲು ಬಿಟ್ಟು ಬಿಟ್ಟು ಎತ್ತಿ. ಹತ್ತಿರದ ಗಜನಿಯ (ಉಪ್ಪುನೀರಿನ ಅಂಚಿನ ತಗ್ಗು ಗದ್ದೆಯ) ಕಟ್ಟೆ ಒಡೆದಿದೆಯೇ ಎಂದೂ ನೋಡಿ. ಉಬ್ಬರದ ನೀರು ಗದ್ದೆಗೆ ನುಗ್ಗಿದರೆ ಬಾವಿಗೂ ಇಳಿಯುತ್ತದೆ. ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1000ದವರೆಗೆ ಒಪ್ಪಬಹುದು ಎನ್ನುತ್ತದೆ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500. ಕುದಿಸಿದರೆ ಉಪ್ಪು ಹೋಗುವುದಿಲ್ಲ.

ಪ್ರಶ್ನೆ: ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?
– ಓದುಗರು, ಶಿರಸಿ

ಉತ್ತರ: ಸಾವಿರ ಲೀಟರಿಗೆ 2.5 ಗ್ರಾಂ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್; 24 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಾವಿಗೆ ಹಾಕಿ, ಕೊಡದಿಂದ ಕಲಕಿ, ಒಂದು ತಾಸು ಬಿಡಿ. ತೆರೆದಿಟ್ಟ ಪುಡಿ ಮಲೆನಾಡಿನ ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹೊಸ ಪೊಟ್ಟಣವನ್ನೇ ಬಳಸಿ.