ಜೂನ್ 1ರ ಬೆಳಿಗ್ಗೆ ಮನೆಯಲ್ಲಿ ಉಳಿಯಬೇಡಿ

ಮೇ ಕೊನೆಗೆ ಸಮೋವಾದ ರಾಜಧಾನಿ ಅಪಿಯಾಗೆ ಬರುತ್ತೀರಿ ಅಂತ ತಿಳಿದು ತುಂಬಾ ಖುಷಿಯಾಯಿತು. ನೀವು ಕೇಳಿದ್ದು ಎರಡು ವಿಷಯ. ಸಮೋವಾ ಸ್ವತಂತ್ರವಾಗಿದ್ದು ಜನವರಿ 1ಕ್ಕೆ ಅಂತ ಓದಿದ್ದೀರಿ, ಆದರೆ ರಜೆಯ ಪಟ್ಟಿಯಲ್ಲಿ ಸ್ವಾತಂತ್ರ್ಯ ದಿನ ಜೂನ್ 1 ಅಂತಿದೆ, ಯಾಕೆ? ಆ ದಿನ ಹೊರಗಿನವರು ಹೋಗಬಹುದಾ, ಇಲ್ಲ ಸುಮ್ನೆ ಮನೆಯಲ್ಲಿರೋದೇ ಒಳ್ಳೆಯದಾ?

ಮೊದಲನೆಯದು ಸುಲಭ. ಅಪಿಯಾದ ಮುಲಿನುಉದಲ್ಲಿ ಬಾವುಟ ಏರಿದ್ದು 1962ರ ಜನವರಿ 1ರಂದೇ. ಆದರೆ ಇಲ್ಲಿ ಜನವರಿ ಅಂದರೆ ಜಡಿಮಳೆ, ಚಂಡಮಾರುತದ ಕಾಲ. ಜೊತೆಗೆ ಹೊಸ ವರ್ಷದ ಗಡಿಬಿಡಿ. ಜೂನ್‌ನಲ್ಲಿ ಮಳೆ ಕಡಿಮೆ, ಅದಕ್ಕೇ ಆಚರಣೆ ಆಗ.

ಎರಡನೆಯದಕ್ಕೆ ನನ್ನ ಉತ್ತರ: ಖಂಡಿತ ಹೋಗಿ. ಆದರೆ ಆ ದಿನದ ಹಿಂದೆ ಏನಿದೆ ಅಂತ ಸ್ವಲ್ಪ ತಿಳಿದುಕೊಂಡು ಹೋಗಿ. ನಾನು ಬಂದ ಮೊದಲ ವರ್ಷ ಏನೂ ತಿಳಿಯದೆ ಹೋಗಿದ್ದೆ. ಮೆರವಣಿಗೆ, ಹಾಡು, ದೊಡ್ಡ ದೋಣಿಗಳ ಪಂದ್ಯ, ಎಲ್ಲ ನೋಡಿ ಖುಷಿಪಟ್ಟೆ. ಪಕ್ಕದಲ್ಲಿ ನಿಂತಿದ್ದ ಅಜ್ಜಿ ಅಳುತ್ತಿದ್ದದ್ದು ಯಾಕೆ ಅಂತ ನನಗೆ ಆಗ ಗೊತ್ತಾಗಲಿಲ್ಲ.

ಈ ದ್ವೀಪಗಳನ್ನು 1900ರಿಂದ ಜರ್ಮನಿ ಆಳಿತು. 1914ರಲ್ಲಿ ಮಹಾಯುದ್ಧ ಶುರುವಾದಾಗ ನ್ಯೂಜಿಲೆಂಡ್ ಸೈನ್ಯ ಬಂದು ವಶಪಡಿಸಿಕೊಂಡಿತು. 1918ರ ನವೆಂಬರ್ 7ರಂದು ಆಕ್ಲೆಂಡ್‌ನಿಂದ ಟಲೂನ್ ಅನ್ನುವ ಹಡಗು ಅಪಿಯಾಗೆ ಬಂತು. ಅದರಲ್ಲಿ ಇನ್‌ಫ್ಲುಯೆಂಜಾ ಜ್ವರದವರಿದ್ದರು. ಆದರೂ ಎಲ್ಲರನ್ನೂ ಇಳಿಯಲು ಬಿಟ್ಟರು. ಎರಡು ತಿಂಗಳಲ್ಲಿ ಸುಮಾರು 8,500 ಜನ ಸತ್ತರು. ಅಂದರೆ ಐದು ಜನರಲ್ಲಿ ಒಬ್ಬರಿಗಿಂತ ಜಾಸ್ತಿ. ಹೂಳಲು ಕೈಗಳೇ ಸಾಲದೆ ಒಂದೇ ಗುಂಡಿಯಲ್ಲಿ ಎಷ್ಟೋ ಜನರನ್ನು ಹಾಕಿದರು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಹಡಗುಗಳನ್ನು ತಡೆದು ನಿಲ್ಲಿಸಿದ್ದರು. ಅಲ್ಲಿ ಆ ಜ್ವರಕ್ಕೆ ಒಬ್ಬರೂ ಸಾಯಲಿಲ್ಲ. ಸಹಾಯ ಮಾಡುತ್ತೇವೆ ಅಂತ ಅಲ್ಲಿನವರು ಹೇಳಿದರೂ ಇಲ್ಲಿನ ಆಡಳಿತ ತೆಗೆದುಕೊಳ್ಳಲಿಲ್ಲ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಸತ್ತವರಲ್ಲಿ ಹಿರಿಯರು, ಮನೆತನದ ಯಜಮಾನರಾದ ಮತಾಯಿಗಳು ತುಂಬಾ ಜನ. ಊರಿನ ನೆನಪೇ ಅವರ ಜೊತೆ ಹೋಯಿತು.

ಆ ನೋವೇ ಮುಂದೆ ನ್ಯೂಜಿಲೆಂಡ್ ಆಳ್ವಿಕೆಯ ವಿರುದ್ಧ ಎದ್ದ ಮೌ ಚಳವಳಿಗೆ ಬಲವಾಯಿತು. 'ಸಮೋವಾ ಮೊ ಸಮೋವಾ', ಸಮೋವಾ ಸಮೋವನ್ನರಿಗೆ, ಅನ್ನುವುದು ಅವರ ಮಾತು. ತೆರಿಗೆ ಕಟ್ಟಲಿಲ್ಲ. ಸರ್ಕಾರದ ಆಜ್ಞೆ ಕೇಳಲಿಲ್ಲ. ಕೈಯಲ್ಲಿ ಬಂದೂಕು ಹಿಡಿಯಲಿಲ್ಲ. ಬಿಳಿ ಪಟ್ಟಿಯ ಕಡುನೀಲಿ ಲವಲವಾ, ಅಂದರೆ ಲುಂಗಿಯಂಥ ಬಟ್ಟೆ, ಉಟ್ಟು ನಡೆದರು, ಅಷ್ಟೇ. ಕೆಲವು ವರ್ಷಗಳ ನಂತರ ಅಂಕೋಲಾ, ಸಿದ್ದಾಪುರದ ರೈತರು ಕರ ನಿರಾಕರಿಸಿ ಜಮೀನು ಕಳೆದುಕೊಂಡರಲ್ಲ, ನನಗೆ ಅದೇ ನೆನಪಾಗುತ್ತದೆ.

1929ರ ಡಿಸೆಂಬರ್ 28, ಶನಿವಾರ. ಅಪಿಯಾದ ಬೀದಿಯಲ್ಲಿ ಮೌ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ನಾಯಕ ತುಪುವಾ ತಮಾಸೆಸೆ ಲೆಯಾಲೊಫಿ ತನ್ನವರನ್ನು ಸಮಾಧಾನಪಡಿಸಲು ಮುಂದೆ ಬಂದರು. ಅವರಿಗೂ ಗುಂಡು ತಗುಲಿತು. ಸೇಡು ತೀರಿಸಿಕೊಳ್ಳಬೇಡಿ, ಶಾಂತಿ ಬಿಡಬೇಡಿ ಅಂತ ಹೇಳಿ ಮರುದಿನ ತೀರಿಕೊಂಡರು. ಜನ ಆ ಮಾತು ಉಳಿಸಿಕೊಂಡರು. ಗಂಡಸರು ಕಾಡಿಗೆ ಹೋಗಬೇಕಾದಾಗ ಹೆಂಗಸರು ಚಳವಳಿಯನ್ನು ಎತ್ತಿ ಹಿಡಿದರು. ಅದೇ ವಾರ, ಡಿಸೆಂಬರ್ 31ರ ರಾತ್ರಿ, ಲಾಹೋರಿನಲ್ಲಿ ನಮ್ಮವರು ಪೂರ್ಣ ಸ್ವರಾಜ್ಯ ಅಂತ ಬಾವುಟ ಏರಿಸಿದ್ದರು. ಒಬ್ಬರಿಗೊಬ್ಬರು ಗೊತ್ತೇ ಇರಲಿಲ್ಲ, ಅಲ್ವಾ?

ಮುಂದೆ 1961ರಲ್ಲಿ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಜನಮತ ನಡೆಯಿತು, ಮರು ವರ್ಷ ಸ್ವಾತಂತ್ರ್ಯ ಬಂತು. 20ನೇ ಶತಮಾನದಲ್ಲಿ ಪೆಸಿಫಿಕ್ ದ್ವೀಪಗಳಲ್ಲಿ ಮೊದಲು ಸ್ವತಂತ್ರವಾದ ದೇಶ ಇದೇ. 2002ರ ಜೂನ್‌ನಲ್ಲಿ ನ್ಯೂಜಿಲೆಂಡ್ ಪ್ರಧಾನಿ ಹೆಲೆನ್ ಕ್ಲಾರ್ಕ್ ಇಲ್ಲಿಗೆ ಬಂದು, ಆ ಜ್ವರಕ್ಕೂ ಗುಂಡು ಹಾರಿಸಿದ್ದಕ್ಕೂ ಸೇರಿಸಿ ಕ್ಷಮೆ ಕೇಳಿದರು. ಆ ಅಜ್ಜಿ ಅದನ್ನು ನನಗೆ ಎಷ್ಟೋ ಸಲ ಹೇಳಿದ್ದಾರೆ. ಅವರ ತಾಯಿ 1918ರಲ್ಲಿ ಒಂದೇ ವಾರದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಮಗು.

ಹೋಗುವಾಗ ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಇಲ್ಲಿನ ಹೆಂಗಸರು ಪುಲೆತಾಸಿ, ಅಂದರೆ ಮೇಲಂಗಿ ಮತ್ತು ಉದ್ದ ಲಂಗ, ಉಡುತ್ತಾರೆ, ಸೀರೆಯೂ ಚೆನ್ನಾಗಿಯೇ ಒಪ್ಪುತ್ತದೆ. ಪ್ರಾರ್ಥನೆಯ ಹೊತ್ತಿಗೆ ಮಾತಾಡಬೇಡಿ. ಹಿರಿಯರು ಕೂತಿರುವಾಗ ಅವರ ಮುಂದೆ ದಾಟಬೇಕಾದರೆ ಬಗ್ಗಿ, 'ತುಲೌ' (ಕ್ಷಮಿಸಿ) ಅನ್ನಿ. ಯಾರಾದರೂ ಊಟಕ್ಕೆ ಕರೆದರೆ ಬೇಡ ಅನ್ನಬೇಡಿ. ನೀವು ಸಸ್ಯಾಹಾರಿಯಾದರೂ ತಾರೋ ಗೆಡ್ಡೆ, ಬಾಳೆಕಾಯಿ, ತೆಂಗಿನ ಹಾಲಲ್ಲಿ ಬೆಂದ ಕೆಸುವಿನ ಸೊಪ್ಪು ಸಿಗುತ್ತದೆ.

ಬಂದ ಕೂಡಲೇ ಫೋನ್ ಮಾಡಿ. ಜೂನ್ 1ರಂದು ಬೆಳಕು ಹರಿಯುವ ಮೊದಲೇ ನಿಮ್ಮ ಮನೆ ಹತ್ತಿರ ಬರುತ್ತೇನೆ. ಅಜ್ಜಿಯನ್ನೂ ದಾರಿಯಲ್ಲಿ ಕರೆದುಕೊಂಡು ಹೋಗೋಣ.